ಆತ್ಮರಕ್ಷಣೆ, ಸಬ್ಸಿಡಿ, ಸಿನಿಮಾ: ಈ ಮೂರರ ವಾದ ಯಾಕೆ ಯಾವಾಗಲೂ ಜಗಳದಲ್ಲೇ ಮುಗಿಯುತ್ತೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಗೆಳೆಯರ ಗುಂಪಿನಲ್ಲಿ ಮೂರೇ ಮೂರು ವಿಷಯಕ್ಕೆ ಪ್ರತಿಸಲ ಮಾತಿಗೆ ಮಾತು ಬೆಳೆಯುತ್ತದೆ ಅಂತ ಬರೆದಿದ್ದೀರಿ. ಮನೆಗೆ ನುಗ್ಗಿದವನನ್ನು ಹೊಡೆದು ಹಾಕಿದರೆ ತಪ್ಪೇನು? ಸರ್ಕಾರ ಸಬ್ಸಿಡಿ ಕೊಡಬೇಕಾ, ಬೇಡ್ವಾ? ಸಿನಿಮಾ ನೋಡಿ ಜನ ಕೆಡುತ್ತಾರಾ? "ಯಾವ ಪಕ್ಷ ಹಿಡಿದರೂ ಕೊನೆಗೆ ಒಬ್ಬ ಎದ್ದು ಹೋಗ್ತಾನೆ, ನಾನು ಎಲ್ಲಿ ಎಡವುತ್ತಿದ್ದೇನೆ" ಅನ್ನೋದು ನಿಮ್ಮ ಪ್ರಶ್ನೆ.

ನಾನು ವಕೀಲನಲ್ಲ. ಹಲವು ವರ್ಷಗಳಿಂದ ಕಾಲೇಜು ಹುಡುಗರ ಚರ್ಚಾಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋಗುತ್ತೇನೆ, ಅಷ್ಟೆ. ಈ ಮೂರೂ ವಿಷಯ ಅಲ್ಲಿಗೂ ಸುತ್ತಿ ಸುತ್ತಿ ಬರುತ್ತವೆ. ನನಗೆ ಅನ್ನಿಸುವುದು ಇದು: ನೀವು ಹಿಡಿದ ಪಕ್ಷದಲ್ಲಿ ತಪ್ಪಿಲ್ಲ, ಇಟ್ಟುಕೊಂಡ ಪ್ರಶ್ನೆಯಲ್ಲಿದೆ. 'ಬೇಕಾ, ಬೇಡ್ವಾ' ಅಂತ ಶುರು ಮಾಡಿದರೆ ಎತ್ತು ಏರಿಗೆ, ಕೋಣ ನೀರಿಗೆ. ಅದರ ಬದಲು 'ಎಷ್ಟು, ಎಲ್ಲಿಯವರೆಗೆ' ಅಂತ ಕೇಳಿ. ಕೂಗಾಡುತ್ತಿದ್ದವರು ಲೆಕ್ಕ ಹಾಕೋಕೆ ಶುರು ಮಾಡುತ್ತಾರೆ.

ಒಂದು ಸಲ ಫೈನಲ್ ಸುತ್ತಿಗೆ ಮುಂಚೆ ಇಪ್ಪತ್ತು ನಿಮಿಷ ಖಾಲಿ ಸಿಕ್ಕಿತು. ವಿಷಯ ಆತ್ಮರಕ್ಷಣೆಯೇ. ಇಬ್ಬರು ಹುಡುಗರನ್ನು ಕೋಣೆಯ ಎರಡು ತುದಿಗೆ ನಿಲ್ಲಿಸಿದೆ. ಒಬ್ಬನ ಕೈಗೆ ಮೇಜಿನ ಮೇಲಿದ್ದ ಮರದ ಸ್ಕೇಲು ಕೊಟ್ಟು, "ಇದು ಚಾಕು, ನಿಧಾನಕ್ಕೆ ಅವನ ಕಡೆ ನಡಿ" ಅಂದೆ. ಉಳಿದವರಿಗೆ ಹೇಳಿದ್ದು ಇಷ್ಟೇ: "ಎದುರಿಗಿರುವವನು ಈಗ ಹೊಡೆದರೆ ತಪ್ಪಿಲ್ಲ ಅಂತ ಯಾವ ಗಳಿಗೆಯಲ್ಲಿ ಅನ್ನಿಸುತ್ತೋ ಆಗ ಕೈ ಎತ್ತಿ."

ಮೊದಲ ಕೈ ಮೇಲೆ ಹೋದಾಗ ಅವನಿನ್ನೂ ಒಂದು ಹೆಜ್ಜೆಯೂ ಇಟ್ಟಿರಲಿಲ್ಲ. ಅರ್ಧ ದಾರಿಗೆ ಬರುವಷ್ಟರಲ್ಲಿ ಐದಾರು ಕೈ ಎದ್ದಿದ್ದವು. ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಮಾತ್ರ ಸ್ಕೇಲು ತಲೆ ಮಟ್ಟಕ್ಕೆ ಏರುವ ತನಕ ಕಾದಳು. ಅವಳು ಕೈ ಎತ್ತಿದ್ದೂ, ಎದುರಿನವನ ಹೆಗಲಿಗೆ ಸ್ಕೇಲು 'ಟಪ್' ಅಂತ ಬಿದ್ದಿದ್ದೂ ಒಟ್ಟೊಟ್ಟಿಗೇ ಆಯಿತು. "ಸರ್, ನಾನು ಲೇಟು" ಅಂದಳು. ಎಲ್ಲರೂ ನಕ್ಕರು.

ಆಮೇಲೆ ಅದನ್ನೇ ಮತ್ತೊಮ್ಮೆ ಮಾಡಿಸಿದೆ. ಈ ಸಲ ಅರ್ಧ ದಾರಿಯಲ್ಲಿ ಅವನು ಸ್ಕೇಲು ಕೆಳಗೆ ಹಾಕಿ, ಬೆನ್ನು ತಿರುಗಿಸಿ ಬಾಗಿಲ ಕಡೆ ಹೊರಟ. ಎತ್ತಿದ್ದ ಕೈ ಇಳಿಸುವವರು ಇಳಿಸಬಹುದು ಅಂದೆ. ಕೆಲವರು ತಕ್ಷಣ ಇಳಿಸಿದರು. ಕೆಲವರು ಅಕ್ಕಪಕ್ಕ ನೋಡಿ ಇಳಿಸಿದರು. ನಾಲ್ಕು ಜನ ಇಳಿಸಲೇ ಇಲ್ಲ. "ಮತ್ತೆ ಬಂದರೆ?" ಅಂತ ಅವರಲ್ಲೊಬ್ಬ ಕೇಳಿದ. ಈ ಸಲ ಯಾರೂ ನಗಲಿಲ್ಲ.

ಆತ್ಮರಕ್ಷಣೆಯ ಕಾನೂನು ಬಹುಪಾಲು ಈ ಎರಡು ಗಳಿಗೆಗಳ ಸುತ್ತಲೇ ಇದೆ. ಹಕ್ಕು ಯಾವಾಗ ಹುಟ್ಟುತ್ತದೆ, ಯಾವಾಗ ಮುಗಿಯುತ್ತದೆ. ಹಕ್ಕೇ ಇಲ್ಲ ಅಂತ ಹೇಳುವ ದೇಶ ನನಗೆ ತಿಳಿದಂತೆ ಯಾವುದೂ ಇಲ್ಲ. ಭಾರತದ ಕಾನೂನನ್ನೇ ನೋಡಿ. 1860ರ ದಂಡ ಸಂಹಿತೆಯಲ್ಲಿ 96ರಿಂದ 106ರವರೆಗಿದ್ದ ಸೆಕ್ಷನ್‌ಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44 ಆದವು. ನಂಬರ್ ಬದಲಾಯಿತು, ತಿರುಳು ಹೆಚ್ಚುಕಡಿಮೆ ಅದೇ. ಅಪಾಯ ಇದೆ ಅಂತ ಹೆದರಲು ಸರಿಯಾದ ಕಾರಣ ಹುಟ್ಟಿದ ಕೂಡಲೇ ಹಕ್ಕು ಶುರು. ಪೆಟ್ಟು ಬೀಳುವ ತನಕ ಕಾಯಬೇಕಿಲ್ಲ. ಆ ಭಯ ಇರುವಷ್ಟು ಹೊತ್ತೂ ಹಕ್ಕು ಇರುತ್ತದೆ, ಭಯಕ್ಕೆ ಕಾರಣ ಹೋದರೆ ಹಕ್ಕೂ ಹೋಯಿತು. ತಪ್ಪಿಸಿಕೊಳ್ಳಲು ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಪೊಲೀಸರ ಹತ್ತಿರ ಹೋಗಲು ಸಮಯ ಇದ್ದರೆ ಈ ಹಕ್ಕು ಹೇಳಿಕೊಳ್ಳುವಂತಿಲ್ಲ. ಪ್ರಾಣ ತೆಗೆಯುವವರೆಗೆ ಹೋಗಬಹುದಾದ ಸಂದರ್ಭಗಳನ್ನು ಪಟ್ಟಿ ಮಾಡಿಯೇ ಕೊಟ್ಟಿದ್ದಾರೆ. ಆ್ಯಸಿಡ್ ದಾಳಿ ಆ ಪಟ್ಟಿಗೆ ಸೇರಿದ್ದು 2013ರಲ್ಲಿ.

ಆದರೆ ಹೆಗಲ ಮೇಲೆ ಸ್ಕೇಲು ಬೀಳುವಾಗ 'ಬೇಕಾದ್ದಕ್ಕಿಂತ ಜಾಸ್ತಿ' ಅನ್ನುವುದನ್ನು ಅಳೆಯುವವರು ಯಾರು? ಕೋರ್ಟುಗಳಿಗೂ ಇದು ಗೊತ್ತು. ಹೀಗೆ ಸಿಕ್ಕಿಬಿದ್ದವನ ಕೆಲಸವನ್ನು ಚಿನ್ನ ತೂಗುವ ತಕ್ಕಡಿಯಲ್ಲಿಟ್ಟು ತೂಗಬಾರದು ಅಂತ ನಮ್ಮ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಎತ್ತಿದ ಚಾಕುವಿನ ಎದುರು ನಿಂತವನಿಂದ ತಣ್ಣಗಿನ ಯೋಚನೆ ಬಯಸುವಂತಿಲ್ಲ ಅಂತ ಅಮೆರಿಕದ ನ್ಯಾಯಮೂರ್ತಿ ಹೋಮ್ಸ್ 1921ರಲ್ಲೇ ಬರೆದಿದ್ದರು. ಜರ್ಮನಿಯ ಕಾನೂನಿನಲ್ಲಂತೂ ಇದಕ್ಕೇ ಒಂದು ಬೇರೆ ಸೆಕ್ಷನ್ ಇದೆ, 33ನೆಯದು. ಗಾಬರಿ, ಹೆದರಿಕೆಯಲ್ಲಿ ಮಿತಿ ಮೀರಿದವನಿಗೆ ಶಿಕ್ಷೆ ಇಲ್ಲ. ಸಿಟ್ಟಿನಲ್ಲಿ ಮೀರಿದವನಿಗೆ ಆ ರಿಯಾಯಿತಿ ಸಿಗುವುದಿಲ್ಲ. ನನ್ನ ಪ್ರಕಾರ ಇದು ಇದ್ದುದರಲ್ಲಿ ಹೆಚ್ಚು ಪ್ರಾಮಾಣಿಕ ಕಾನೂನು.

ಈಗ ನಿಮ್ಮ ಗೆಳೆಯರ 'ಮನೆಗೆ ನುಗ್ಗಿದವನು' ವಿಷಯಕ್ಕೆ ಬರೋಣ. 1999ರಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಟೋನಿ ಮಾರ್ಟಿನ್ ಅನ್ನುವ ರೈತನ ಮನೆಗೆ ರಾತ್ರಿ ಕಳ್ಳರು ನುಗ್ಗಿದರು. ಅವನು ಗುಂಡು ಹಾರಿಸಿದ. 16 ವರ್ಷದ ಹುಡುಗ ಸತ್ತ. ಗುಂಡು ಬಿದ್ದಿದ್ದು ಬೆನ್ನಿಗೆ. ಜ್ಯೂರಿ ಅದನ್ನು ಕೊಲೆ ಅಂತಲೇ ತೀರ್ಮಾನಿಸಿತು. 2001ರಲ್ಲಿ ಮೇಲ್ಮನವಿ ಕೋರ್ಟು ಅವನ ಮಾನಸಿಕ ಸ್ಥಿತಿ ನೋಡಿ ಅಪರಾಧವನ್ನು ಒಂದು ಮೆಟ್ಟಿಲು ಇಳಿಸಿತು, ಆದರೆ ಆತ್ಮರಕ್ಷಣೆ ಅಂತ ಒಪ್ಪಲಿಲ್ಲ. ಅರ್ಧ ದೇಶ ಅವನ ಪರ, ಇನ್ನರ್ಧ ವಿರೋಧ. ವರ್ಷಗಟ್ಟಲೆ ಕೂಗಾಡಿದರು. ಕೊನೆಗೆ 2013ರಲ್ಲಿ ಅಲ್ಲಿನ ಸಂಸತ್ತು ಕಾನೂನು ತಿದ್ದಿತು. ಏನಂತ? ಮನೆಯೊಳಗೆ ನುಗ್ಗಿದವನ ಮೇಲೆ ಬಳಸಿದ ಬಲ 'ಹೆಚ್ಚು' ಆಗಿದ್ದರೂ ಬಚಾವಾಗಬಹುದು, 'ತೀರಾ ಅತಿ' ಆಗಬಾರದು. ಅಷ್ಟು ವರ್ಷದ ಗಲಾಟೆಯ ಫಲ ಅಳತೆಯಲ್ಲಿ ಆದ ಆ ಒಂದು ಬದಲಾವಣೆ.

ಅಮೆರಿಕದ ಅಯೋವಾದ ಕೇಸು ಇನ್ನೂ ಚೆನ್ನಾಗಿದೆ. ಯಾರೂ ವಾಸವಿಲ್ಲದ ಹಳೇ ತೋಟದ ಮನೆ, ಪದೇ ಪದೇ ಕಳ್ಳತನ. ಬೇಸತ್ತ ಮಾಲೀಕ ಕೋಣೆಯೊಳಗೆ ಬಂದೂಕು ಕಟ್ಟಿ, ಟ್ರಿಗರ್‌ನಿಂದ ಬಾಗಿಲಿಗೆ ತಂತಿ ಎಳೆದ. ಬಾಗಿಲು ತೆರೆದರೆ ಗುಂಡು. 1967ರಲ್ಲಿ ಹಳೇ ಬಾಟಲಿ, ಭರಣಿ ಹುಡುಕಿಕೊಂಡು ಒಳಹೊಕ್ಕ ಒಬ್ಬನ ಕಾಲಿಗೆ ಗುಂಡು ಹೊಕ್ಕಿತು. ಒಳಗೆ ಬಂದವನು ತಾನು ಕದಿಯಲೆಂದೇ ಬಂದಿದ್ದು ಅಂತ ಒಪ್ಪಿಕೊಂಡ. ಆದರೂ ಅವನಿಗೆ ಪರಿಹಾರ ಮತ್ತು ದಂಡ ಸೇರಿ 30,000 ಡಾಲರ್ ಸಿಕ್ಕಿತು. ರಾಜ್ಯದ ಸುಪ್ರೀಂ ಕೋರ್ಟ್ 1971ರಲ್ಲಿ ಅದನ್ನೇ ಎತ್ತಿಹಿಡಿಯಿತು. ಬರೀ ಆಸ್ತಿ ಕಾಯಲು ಜೀವ ತೆಗೆಯುವಷ್ಟು ಬಲ ಬಳಸುವಂತಿಲ್ಲ ಅನ್ನೋದು ಕೋರ್ಟಿನ ಮಾತು. ಇದನ್ನು ನಿಮ್ಮ ಗುಂಪಿನಲ್ಲಿ ಹೇಳಿ ನೋಡಿ. 'ಅಯ್ಯೋ ಅನ್ಯಾಯ' ಅನ್ನುವವರೇ ಜಾಸ್ತಿ. ಆಗ ಒಂದೇ ಪ್ರಶ್ನೆ ಕೇಳಿ: ಬಾಗಿಲು ತೆಗೆದವನು ಬೆಂಕಿ ಆರಿಸಲು ಬಂದವನಾಗಿದ್ದರೆ? ಹೆಜ್ಜೆ ನೋಡಿ ಕೈ ಎತ್ತಲು ತಂತಿಗೆ ಕಣ್ಣಿಲ್ಲವಲ್ಲ.

ಫ್ಲೋರಿಡಾದ 2005ರ ಕಾನೂನಿನ ಹೆಸರೂ ವಾದದಲ್ಲಿ ಬಂದೇ ಬರುತ್ತದೆ. ತಪ್ಪಿಸಿಕೊಂಡು ಓಡುವ ದಾರಿ ಇದ್ದರೂ ಓಡಬೇಕಿಲ್ಲ, ನಿಂತು ಎದುರಿಸಬಹುದು ಅನ್ನುವ ಕಾನೂನು. 2012ರಲ್ಲಿ ಟ್ರೇವಾನ್ ಮಾರ್ಟಿನ್ ಅನ್ನುವ 17 ವರ್ಷದ ಹುಡುಗನನ್ನು ಗುಂಡಿಟ್ಟು ಕೊಂದ ಜಾರ್ಜ್ ಜಿಮ್ಮರ್‌ಮನ್ ಮುಂದಿನ ವರ್ಷ ಬಿಡುಗಡೆಯಾದಾಗ ಎಲ್ಲರೂ ಈ ಕಾನೂನನ್ನೇ ಬೈದರು. ಆದರೆ ಅವನ ವಕೀಲರು ಆ ಕಾನೂನು ಕೊಡುವ ವಿಶೇಷ ವಿಚಾರಣೆಯನ್ನು ಕೇಳಲೇ ಇಲ್ಲ. ತಾನು ನೆಲಕ್ಕೆ ಬಿದ್ದಿದ್ದೆ, ಓಡಲು ದಾರಿಯೇ ಇರಲಿಲ್ಲ ಅನ್ನುವ ಹಳೇ ವಾದವನ್ನೇ ಹೂಡಿದರು. ಜ್ಯೂರಿಗೆ ಓದಿದ ಸೂಚನೆಯಲ್ಲಿ ಆ ಕಾನೂನಿನ ಮಾತು ಇತ್ತು ಅನ್ನೋದೂ ನಿಜ. ಈ ಎರಡೂ ಗೊತ್ತಿದ್ದವರು ವೇದಿಕೆ ಮೇಲೆ ತುಂಬಾ ಕಮ್ಮಿ. ಗೊತ್ತಿದ್ದವರಿಗೆ ನಾನು ಕಣ್ಣು ಮುಚ್ಚಿ ಎರಡು ಮಾರ್ಕ್ಸ್ ಜಾಸ್ತಿ ಕೊಟ್ಟಿದ್ದೂ ಉಂಟು.

ಸಬ್ಸಿಡಿ ಕಡೆ ಬರೋಣ. ಇಲ್ಲಿ ನನಗೆ ಕಾಣುವ ತಮಾಷೆ ಏನೆಂದರೆ, ಸಬ್ಸಿಡಿ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರೋದು ಬಡವರು. 'ಬಿಟ್ಟಿ ಕೊಟ್ಟು ಸೋಮಾರಿ ಮಾಡ್ತಾರೆ' ಅಂತ ಒಬ್ಬ, 'ಹೊಟ್ಟೆ ಮೇಲೆ ಹೊಡೀಬೇಡಿ' ಅಂತ ಇನ್ನೊಬ್ಬ. ಕ್ರೀಡಾಂಗಣದ ಮಾಲೀಕ ಯಾರ ಕಣ್ಣಿಗೂ ಬೀಳೋದಿಲ್ಲ. 2022ರಲ್ಲಿ ಅಮೆರಿಕದ ಬಫಲೋ ಫುಟ್‌ಬಾಲ್ ತಂಡದ ಹೊಸ ಕ್ರೀಡಾಂಗಣಕ್ಕೆ ಜನರ ತೆರಿಗೆಯಿಂದ ಒಪ್ಪಿದ ಮೊತ್ತ 85 ಕೋಟಿ ಡಾಲರ್. ಮುಂದಿನ ವರ್ಷ ನೆವಾಡಾ ರಾಜ್ಯ ಒಂದು ಬೇಸ್‌ಬಾಲ್ ತಂಡವನ್ನು ಲಾಸ್ ವೇಗಸ್‌ಗೆ ಕರೆತರಲು 38 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. ಊರಿಗೆ ದುಡ್ಡು ಬರುತ್ತದೆ, ಕೆಲಸ ಹುಟ್ಟುತ್ತದೆ ಅನ್ನೋದು ಪ್ರತಿಸಲದ ಮಾತು. ಅರ್ಥಶಾಸ್ತ್ರಜ್ಞರಲ್ಲಿ ಬಹುತೇಕರು ಇದನ್ನು ನಂಬುವುದಿಲ್ಲ. ಪಂದ್ಯದ ಟಿಕೆಟ್ಟಿಗೆ ಸುರಿದ ದುಡ್ಡು ಆಕಾಶದಿಂದ ಬಿದ್ದದ್ದಲ್ಲ. ಪಂದ್ಯ ಇಲ್ಲದಿದ್ದರೆ ಅದೇ ಮನೆಯವರು ಅದನ್ನು ಅದೇ ಊರಿನಲ್ಲಿ ಬೇರೆ ಯಾವುದಕ್ಕೋ ಖರ್ಚು ಮಾಡುತ್ತಿದ್ದರು. ಜೇಬು ಬದಲಾಯಿತು, ಅಷ್ಟೆ.

ಸಿನಿಮಾಕ್ಕೂ ಇದೇ ಆಟ. ಜಾರ್ಜಿಯಾ ರಾಜ್ಯ ಅಲ್ಲಿ ಮಾಡಿದ ಚಿತ್ರೀಕರಣದ ಖರ್ಚಿಗೆ ಶೇ. 20ರಷ್ಟು ತೆರಿಗೆ ರಿಯಾಯಿತಿ ಕೊಡುತ್ತದೆ, ಚಿತ್ರದಲ್ಲಿ ರಾಜ್ಯದ ಪೀಚ್ ಹಣ್ಣಿನ ಲೋಗೋ ತೋರಿಸಿದರೆ ಇನ್ನೂ ಶೇ. 10. ಮಿಷಿಗನ್ 2008ರಲ್ಲಿ ಶೇ. 42ರವರೆಗೆ ಏರಿಸಿ, 2015ರಲ್ಲಿ ಕೈ ತೊಳೆದುಕೊಂಡಿತು. ನಿಲ್ಲಿಸಲು ಆಯಿತಲ್ಲ, ಅದೇ ದೊಡ್ಡದು. ನೈಜೀರಿಯಾ 2012ರ ಜನವರಿ 1ಕ್ಕೆ ಪೆಟ್ರೋಲ್ ಸಬ್ಸಿಡಿ ತೆಗೆದಾಗ ಜನ ಬೀದಿಗಿಳಿದರು, ಎರಡೇ ವಾರದಲ್ಲಿ ಸರ್ಕಾರ ಒಂದು ಪಾಲನ್ನು ವಾಪಸ್ ಕೊಟ್ಟಿತು. ಪೂರ್ತಿ ತೆಗೆಯುತ್ತೇವೆ ಅಂತ ಮತ್ತೆ ಘೋಷಿಸಿದ್ದು 2023ರಲ್ಲಿ. ಅದಕ್ಕೇ ನಾನು ಹುಡುಗರಿಗೆ ಹೇಳೋದು, ಯಾರಿಗೆ, ಎಷ್ಟು ವರ್ಷ, ಯಾವ ದಿನ ನಿಲ್ಲುತ್ತದೆ ಅನ್ನೋದನ್ನು ಹೇಳದೆ ಸಬ್ಸಿಡಿಯ ಪರವೂ ಮಾತಾಡಬೇಡಿ, ವಿರೋಧವೂ ಮಾತಾಡಬೇಡಿ. ಸ್ಕೇಲು ಕೆಳಗೆ ಬಿದ್ದ ಮೇಲೂ ಕೈ ಇಳಿಸದ ಆ ನಾಲ್ವರು ನೆನಪಿದ್ದಾರಲ್ಲ?

ಇನ್ನು ಸಿನಿಮಾ ಜನರನ್ನು ಕೆಡಿಸುತ್ತದೆ ಅನ್ನೋ ವಾದ. ಇದು ಹಳೇ ರೋಗ. 1950ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್ ಓದಿ ಮಕ್ಕಳು ಪುಂಡರಾಗುತ್ತಾರೆ ಅಂತ ಸಾರಿದರು. ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು. 1954ರಲ್ಲಿ ಪ್ರಕಾಶಕರೇ ಹೆದರಿ ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು. ವರ್ಥಮ್ ಅವರ ಕಾಗದಪತ್ರ ತೆರೆದು ನೋಡಿದ ಸಂಶೋಧಕಿ ಕ್ಯಾರಲ್ ಟಿಲ್ಲಿ, ಅವರು ತಮ್ಮ ವಾದಕ್ಕೆ ಬೇಕಾದಂತೆ ಮಾಹಿತಿ ತಿರುಚಿದ್ದರು ಅಂತ 2012ರಲ್ಲಿ ತೋರಿಸಿಕೊಟ್ಟರು. ಹಾಗಾದರೆ ಪರಿಣಾಮವೇ ಇಲ್ಲವಾ? ಇದೆ. ಭಯೋತ್ಪಾದಕರ ಬಾಯಿ ಬಿಡಿಸಲು ನಾಯಕ ಚಿತ್ರಹಿಂಸೆ ಕೊಡುವ '24' ಅನ್ನುವ ಟಿವಿ ಧಾರಾವಾಹಿ ಇತ್ತು. 2006ರಲ್ಲಿ ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಡೀನ್ ಸಮವಸ್ತ್ರದಲ್ಲೇ ಅದರ ತಯಾರಕರ ಬಳಿ ಹೋಗಿ, ಇದನ್ನು ಕಮ್ಮಿ ಮಾಡಿ, ಕಾನೂನಿನ ಪಾಠ ನಮ್ಮ ಹುಡುಗರ ತಲೆಗೆ ಹತ್ತುತ್ತಿಲ್ಲ ಅಂತ ಕೇಳಿಕೊಂಡಿದ್ದರು. ಧಾರಾವಾಹಿ ನೋಡಿದವರೆಲ್ಲ ಕೆಟ್ಟರು ಅಂತ ಅವರು ಹೇಳಲಿಲ್ಲ. ಯಾವ ಹುಡುಗರು, ಯಾವ ದೃಶ್ಯ, ಯಾವ ಪಾಠ ಅಂತ ಬೆರಳಿಟ್ಟು ತೋರಿಸಿದರು. ವಾದ ಮಾಡೋದು ಅಂದ್ರೆ ಹಾಗೆ.

ಸಿನಿಮಾ ಆತ್ಮರಕ್ಷಣೆಯ ವಾದಕ್ಕೂ ಕೈ ಹಾಕುತ್ತದೆ. ತೆರೆಯ ಮೇಲೆ ಕೆಟ್ಟವನು ಯಾರು ಅಂತ ಹೊಡೆಯುವ ಮೊದಲೇ ನಮಗೆ ಗೊತ್ತಿರುತ್ತದೆ, ಹಿನ್ನೆಲೆ ಸಂಗೀತವೇ ಹೇಳಿಬಿಡುತ್ತದೆ. 1984ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಐದು ಡಾಲರ್ ಕೇಳಿದ ಹುಡುಗರ ಗುಂಪಿನ ಮೇಲೆ ಬರ್ನ್‌ಹಾರ್ಡ್ ಗೆಟ್ಸ್ ಐದು ಗುಂಡು ಹಾರಿಸಿದ. ನಾಲ್ವರಿಗೂ ಗಾಯವಾಯಿತು, ಒಬ್ಬನಿಗೆ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಪತ್ರಿಕೆಗಳಿಗೆ ಸಿದ್ಧ ಹೀರೋ ಸಿಕ್ಕಿಬಿಟ್ಟ. 1987ರಲ್ಲಿ ಜ್ಯೂರಿ ಕೊಲೆ ಯತ್ನದ ಆರೋಪದಿಂದ ಅವನನ್ನು ಬಿಟ್ಟು, ಪರವಾನಗಿ ಇಲ್ಲದ ಬಂದೂಕಿಗೆ ಮಾತ್ರ ಶಿಕ್ಷೆಗೆ ಒಪ್ಪಿಸಿತು. 1996ರಲ್ಲಿ ಸಿವಿಲ್ ದಾವೆಯ ಇನ್ನೊಂದು ಜ್ಯೂರಿ, ಸ್ವಾಧೀನ ಕಳೆದುಕೊಂಡವನಿಗೆ 4.3 ಕೋಟಿ ಡಾಲರ್ ಕೊಡಬೇಕು ಅಂತ ಹೇಳಿತು. ಗುಂಡುಗಳು ಅವೇ ಐದು. ಎರಡು ಜ್ಯೂರಿಗಳಿಗೆ ಕೇಳಿದ ಪ್ರಶ್ನೆ ಬೇರೆ ಬೇರೆ.

ಮುಂದಿನ ಸಲ ಗುಂಪು ಸೇರಿದಾಗ ಸುಮ್ನೆ ಆ ಸ್ಕೇಲಿನ ಆಟ ಆಡಿಸಿ ನೋಡಿ. ಎದ್ದು ಹೋಗುವ ಆ ಗೆಳೆಯನಿಗೇ ಸ್ಕೇಲು ಕೊಡಿ, ಕೈಯಲ್ಲಿ ಕೆಲಸ ಇದ್ದರೆ ಎದ್ದು ಹೋಗಲ್ಲ. ಆದರೆ ಮರದ್ದು ಬೇಡ, ಪ್ಲಾಸ್ಟಿಕ್‌ದು ತಗೊಳ್ಳಿ. ಆವತ್ತು ಪೆಟ್ಟು ತಿಂದ ಹುಡುಗ ಫೈನಲ್‌ನಲ್ಲಿ ಮಾತಾಡುವಾಗಲೆಲ್ಲ ಹೆಗಲು ಉಜ್ಜಿಕೊಳ್ಳುತ್ತಲೇ ಇದ್ದ.