ತಲೆ ತಾನಾಗಿಯೇ ಒಂದು ಕಡೆಗೆ ತಿರುಗುತ್ತಿದ್ದರೆ

ಪ್ರಶ್ನೆ: ನನಗೆ 46 ವರ್ಷ, ಹೊಲಿಗೆ ಕೆಲಸ ಮಾಡುತ್ತೇನೆ. ಸುಮಾರು ಒಂದು ವರ್ಷದಿಂದ ನನ್ನ ತಲೆ ಹಿಡಿತಕ್ಕೆ ಸಿಗದೆ ಎಡಕ್ಕೆ ತಿರುಗುತ್ತದೆ. ಕುತ್ತಿಗೆಯ ಬಲಭಾಗ ಬಿಗಿದುಕೊಂಡು ನೋಯುತ್ತದೆ. ಎಕ್ಸ್‌ರೇ ನೋಡಿ ಮೂಳೆ ಸವೆದಿದೆ ಎಂದು ಕಾಲರ್ ಹಾಕಿಸಿದರು, ಪ್ರಯೋಜನವಾಗಲಿಲ್ಲ. ಗದ್ದಕ್ಕೆ ಬೆರಳು ತಾಗಿಸಿದರೆ ತಲೆ ನೆಟ್ಟಗಾಗುತ್ತದೆ. ಅದನ್ನು ಕಂಡು ಮನೆಯವರು ‘ಬೇಕೆಂದೇ ಮಾಡುತ್ತೀಯ’ ಎನ್ನುತ್ತಾರೆ. ಇದು ಮಾನಸಿಕ ಕಾಯಿಲೆಯೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ನೀವು ಬೇಕೆಂದು ಮಾಡುತ್ತಿಲ್ಲ, ಇದು ಮನೋರೋಗವೂ ಅಲ್ಲ ಎಂದೇ ನಿಮ್ಮ ವಿವರಣೆಯಿಂದ ತೋರುತ್ತದೆ. ಪರೀಕ್ಷಿಸದೆ ಖಚಿತವಾಗಿ ಹೇಳಲಾಗದಿದ್ದರೂ, ಲಕ್ಷಣಗಳು ಕುತ್ತಿಗೆಯ ಸ್ನಾಯುಗಳು ತಾವಾಗಿಯೇ ಬಿಗಿದು ತಲೆಯನ್ನು ಸೆಳೆಯುವ ‘ಸರ್ವೈಕಲ್ ಡಿಸ್ಟೋನಿಯಾ’ ಎಂಬ ನರರೋಗಕ್ಕೆ ಹೊಂದುತ್ತವೆ. ಮನೆಯವರು ನಟನೆಗೆ ಸಾಕ್ಷಿ ಎಂದುಕೊಂಡಿರುವ ಆ ಬೆರಳೇ ಈ ರೋಗದ ಮುಖ್ಯ ಕುರುಹು. ಗದ್ದ, ಕೆನ್ನೆ ಅಥವಾ ತಲೆಯ ಹಿಂಭಾಗವನ್ನು ಹಗುರವಾಗಿ ಮುಟ್ಟಿದೊಡನೆ ಸೆಳೆತ ತಗ್ಗುವುದನ್ನು ವೈದ್ಯರು ‘ಸೆನ್ಸರಿ ಟ್ರಿಕ್’ ಎನ್ನುತ್ತಾರೆ. ಇಲ್ಲಿ ಕೆಲಸ ಮಾಡುವುದು ಬೆರಳಿನ ಬಲವಲ್ಲ; ಕೆಲವರಲ್ಲಿ ಕೈ ಮುಖದತ್ತ ಏಳುತ್ತಿದ್ದಂತೆಯೇ, ಇನ್ನೂ ತಾಗುವ ಮೊದಲೇ, ತಲೆ ನೇರವಾಗತೊಡಗುತ್ತದೆ. ದಯವಿಟ್ಟು ಈ ಸಾಲುಗಳನ್ನು ಮನೆಯವರಿಗೆ ಓದಿ ಹೇಳಿ.

ತೊಂದರೆಯ ಮೂಲವಿರುವುದು ಮೂಳೆಯಲ್ಲಲ್ಲ, ಚಲನೆಯನ್ನು ಹದವಾಗಿಡುವ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಮತ್ತು ಅದರೊಂದಿಗೆ ಬೆಸೆದುಕೊಂಡ ನರಜಾಲದಲ್ಲಿ. ಅಲ್ಲಿನ ಆದೇಶ ಏರುಪೇರಾದಾಗ, ಸಡಿಲಗೊಳ್ಳಬೇಕಾದ ಸ್ನಾಯುಗಳೂ ಬಿಗಿಯುತ್ತವೆ. ಆತಂಕ, ದಣಿವಿನಿಂದ ಸೆಳೆತ ಹೆಚ್ಚುವುದರಿಂದಲೂ ನಿದ್ದೆಯಲ್ಲಿ ಸಾಮಾನ್ಯವಾಗಿ ಇಳಿಯುವುದರಿಂದಲೂ ಇದನ್ನು ಮನಸ್ಸಿನ ಕಾಯಿಲೆ ಎಂದು ತಪ್ಪಾಗಿ ತಿಳಿಯುವವರಿದ್ದಾರೆ. ನಲವತ್ತು ದಾಟಿದವರ ಎಕ್ಸ್‌ರೇಯಲ್ಲಿ ಸವೆತ ಕಾಣುವುದು ತೀರ ಸಾಮಾನ್ಯ. ತಲೆ ಒಂದು ಕಡೆಗೆ ತಿರುಗುವುದಕ್ಕೆ ಅದೇ ಕಾರಣವೆನ್ನಲಾಗದು. ಎಂಆರ್‌ಐ ಕೂಡ ಬಹುತೇಕರಲ್ಲಿ ಸಹಜವಾಗಿಯೇ ಬರುತ್ತದೆ. ರೋಗ ಪತ್ತೆಯಾಗುವುದು ನುರಿತ ಕಣ್ಣಿಗೆ.

ಆದ್ದರಿಂದ ನರರೋಗ ತಜ್ಞರನ್ನು ಕಾಣಿರಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗವಿದೆ. ಹೊಲಿಯಲು ಕುಳಿತಾಗ ತಲೆ ತಿರುಗುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗಿ. ಹಳೆಯ ಔಷಧ ಚೀಟಿಗಳೂ ಜೊತೆಗಿರಲಿ, ಏಕೆಂದರೆ ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಮತ್ತು ಕೆಲವು ಮನೋರೋಗದ ಮಾತ್ರೆಗಳಿಂದಲೂ ಇಂಥ ಸೆಳೆತ ಬರಬಹುದು. ಹಾಗೆಂದು ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಕ್ಷೌರದಂಗಡಿಯಲ್ಲಾಗಲಿ ಬೇರೆಲ್ಲೇ ಆಗಲಿ, ಕುತ್ತಿಗೆಯನ್ನು ಝಾಡಿಸಿ ‘ಲಟಿಕೆ’ ತೆಗೆಸಿಕೊಳ್ಳುವುದು ಖಂಡಿತ ಬೇಡ. ಮಿದುಳಿಗೆ ರಕ್ತ ಒಯ್ಯುವ ನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ಆಗುವ ಅಪಾಯವಿದೆ.

ಸದ್ಯದ ಮುಖ್ಯ ಚಿಕಿತ್ಸೆ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು. ಅತಿಯಾಗಿ ಬಿಗಿಯುವ ಸ್ನಾಯುಗಳನ್ನು ಗುರುತಿಸಿ ಅಲ್ಲಿಗಷ್ಟೇ ಕೊಡುವ ಈ ಮದ್ದು, ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಕೆಲವು ದಿನಗಳಿಂದ 2 ವಾರಗಳೊಳಗೆ ಬಿಗಿತ ಇಳಿಯತೊಡಗುತ್ತದೆ. ಸುಮಾರು 3 ತಿಂಗಳಿಗೆ ಪರಿಣಾಮ ಕುಂದುವುದರಿಂದ ಮತ್ತೆ ತೆಗೆದುಕೊಳ್ಳಬೇಕಾಗುತ್ತದೆ. ಇದು ರೋಗವನ್ನು ಬೇರುಸಹಿತ ಕೀಳುವುದಿಲ್ಲ, ಆದರೆ ನೋವು ತಗ್ಗಿ ಕೆಲಸಕ್ಕೆ ಕೂರುವಂತಾದರೆ ಅದು ಸಣ್ಣ ಲಾಭವಲ್ಲ. ಮದ್ದು ದುಬಾರಿಯಾದ್ದರಿಂದ ಪ್ರತಿ ಸಲದ ಒಟ್ಟು ಖರ್ಚನ್ನು ಮೊದಲೇ ವಿಚಾರಿಸಿ. ಮಾತ್ರೆಗಳಿಂದ ಸಿಗುವ ಉಪಶಮನ ಸೀಮಿತ. ಯಾವುದಕ್ಕೂ ಬಗ್ಗದಿದ್ದವರಿಗೆ ಮಿದುಳಿನ ಆಳಕ್ಕೆ ವಿದ್ಯುತ್ ತಂತಿ ಇರಿಸುವ ಶಸ್ತ್ರಚಿಕಿತ್ಸೆಯಿದೆ. ಚುಚ್ಚುಮದ್ದಿನ ನಂತರದ ದಿನಗಳಲ್ಲಿ ನುಂಗಲು ಕಷ್ಟವಾದರೆ, ನೀರು ಕುಡಿಯುವಾಗ ಕೆಮ್ಮು ಬಂದರೆ, ಮುಂದಿನ ಭೇಟಿಯವರೆಗೆ ಕಾಯದೆ ಕೂಡಲೇ ವೈದ್ಯರಿಗೆ ತಿಳಿಸಿ.