ಒಂದೇ ಮನೆಯಲ್ಲಿ ಮೂರು ಥರದ ಶುಗರ್

(ದಾವಣಗೆರೆಯ ಪ್ರಕರಣ. ಗುರುತು ಸಿಗದಂತೆ ವಿವರ ಬದಲಿಸಿದೆ.)

ಆಕೆ ಆರು ತಿಂಗಳ ಬಸುರಿ. ಜಗಳೂರು ಕಡೆಯವಳು, ದಾವಣಗೆರೆಗೆ ಕೊಟ್ಟಿದ್ದಾರೆ. ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದರೆ ಶುಗರ್ 168. ಬಸುರಿಯರಲ್ಲಿ 140 ಮುಟ್ಟಿದರೇ ಜಾಸ್ತಿ. ಪಥ್ಯಕ್ಕೆ ಶುಗರ್ ಬಗ್ಗಲಿಲ್ಲ, ಡಾಕ್ಟರು ಅದನ್ನು ಇಳಿಸುವ ಇನ್ಸುಲಿನ್ ಇಂಜೆಕ್ಷನ್ ಬರೆದರು. ಮನೆಯಲ್ಲಿ ರಂಪ ಶುರುವಾದದ್ದೇ ಆಗ. ಅವಳ ತಮ್ಮ ಚಿಕ್ಕಂದಿನಿಂದ ಇನ್ಸುಲಿನ್ ಮೇಲಿದ್ದಾನೆ.

"ಇವ್ರ ವಂಶದಾಗೇ ಐತ್ರೀ ಮೇಡಂ. ಮುಚ್ಚಿಟ್ಟು ಮದುವೆ ಮಾಡಿದಾರೆ" ಎಂದರು ಅತ್ತೆ, ಸಲಹೆಗೆ ನನ್ನ ಹತ್ತಿರ ಬಂದಾಗ. ಸೊಸೆ ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು. ಗಂಡ ಮೊಬೈಲ್ ನೋಡುತ್ತಿದ್ದ. ಮಾವನಿಗೂ ಎಷ್ಟೋ ವರ್ಷದಿಂದ ಶುಗರ್ ಮಾತ್ರೆ ಇದೆ. ಅದಕ್ಕೆ ಮಾತ್ರ ವಂಶದ ಲೆಕ್ಕ ಇಲ್ಲ!

ನಾನು ಮೊದಲು ಮಾತಾಡಿಸಿದ್ದು ಅತ್ತೆಯನ್ನೇ. ಸೊಸೆಗೆ ಸುಮ್ನೆ ಧೈರ್ಯ ಹೇಳಿ ಕಳಿಸಿದರೆ ಅದು ಮನೆ ಬಾಗಿಲವರೆಗೂ ಬಾಳಲ್ಲ.

ತಮ್ಮನದು ಟೈಪ್ 1. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಅವನ ದೇಹವೇ ನಾಶ ಮಾಡಿದೆ. ಇಂಜೆಕ್ಷನ್ ಬಿಟ್ಟರೆ ಜೀವಕ್ಕೇ ಅಪಾಯ. ಮಾವನದು ಟೈಪ್ 2. ಇನ್ಸುಲಿನ್ ಇದೆ, ಮೈ ಅದರ ಮಾತು ಕೇಳುತ್ತಿಲ್ಲ. ಸೊಸೆಯದು ಬೇರೆಯೇ, ಬಸುರಿನಲ್ಲಿ ಬರುವ ಶುಗರ್. ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ನಿಗೆ ಅಡ್ಡಗಾಲು ಹಾಕುತ್ತವೆ. ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಹೆಚ್ಚಿನವರಿಗೆ ಶುಗರ್ ಇಳಿಯುತ್ತದೆ, ಇಂಜೆಕ್ಷನ್ನೂ ನಿಲ್ಲುತ್ತದೆ.

"ಕೂಸಿಗೆ ಸೂಜಿ ಔಷಧಿ ಹೋಗಲ್ವಾ?" ಸೊಸೆ ಬಾಯಿ ಬಿಟ್ಟದ್ದು ಆಗಲೇ. ಇನ್ಸುಲಿನ್ ಮಾಸು ದಾಟಲ್ಲ, ದಾಟುವುದು ಸಕ್ಕರೆ ಎಂದೆ. ಆ ಸಕ್ಕರೆಗೆ ಮಗು ವಿಪರೀತ ದಪ್ಪ ಆಗಬಹುದು, ಹುಟ್ಟಿದ ಕೂಡಲೇ ಅದರ ಶುಗರ್ ಕುಸಿಯಬಹುದು. ಅದಕ್ಕೇ ಸೂಜಿ.

ಗಂಡನಿಗೆ ಕೆಲಸ ಕೊಟ್ಟೆ. ಮೀಟರಿನಲ್ಲಿ ಶುಗರ್ ನೋಡಿ ಬರೆದಿಡುವುದು ಅವನ ಪಾಲು. ಸಂಜೆ ಪ್ರೀತಿಯಿಂದ ತರುತ್ತಿದ್ದ ಮಂಡಕ್ಕಿ-ಮಿರ್ಚಿ ಬಂದ್, ಬದಲಿಗೆ ಬೇಯಿಸಿದ ಕಾಳು. ಅವಳಿಗೆ ಕೈ ನಡುಗಿ ಬೆವರಿದರೆ ಶುಗರ್ ಇಳಿದಿರಬಹುದು, ತಕ್ಷಣ ಮೂರು ಚಮಚ ಸಕ್ಕರೆ ಕಲಸಿದ ನೀರು. ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷೆ.

"ಸೀಮಂತಕ್ಕೆ ಸಿಹಿ ಮಾಡಬಾರದೇನ್ರೀ?" ಅತ್ತೆ ಕೇಳಿದರು. ಮಾಡಿ, ಅವಳಿಗೆ ಒಂದು ಚೂರು, ಯಜಮಾನರಿಗೂ ಅಷ್ಟೇ ಎಂದೆ. ನಕ್ಕರು.

ಹೆರಿಗೆಯಾಗಿ ಆರು ವಾರಕ್ಕೆ ಮಾಡಿಸಿದ ಪರೀಕ್ಷೆ ಚೆನ್ನಾಗಿ ಬಂತು. ಮುಂದೆ ಟೈಪ್ 2 ಬರುವ ಸಾಧ್ಯತೆ ಇವಳಿಗೆ ಜಾಸ್ತಿ, ವರ್ಷಕ್ಕೊಮ್ಮೆ ನೋಡಿಸಲೇಬೇಕು. ಅಪ್ಪನಿಗೆ ಟೈಪ್ 2 ಇರುವ ಗಂಡನೂ ನೋಡಿಸಿಕೊಳ್ಳಬೇಕು ಅಂತ ಅತ್ತೆಗೇ ಹೇಳಿದ್ದೆ. ಅವನ ಪರೀಕ್ಷೆ ಇನ್ನೂ ಬಾಕಿ.