ಡೊಂಬಿವಲಿಯಲ್ಲಿದ್ದು ವೀಗನ್ ತಿಂಡಿಗೆ ಪರದಾಟವೇ?

ಪತ್ರ: ಮಾನ್ಯ ಸಂಪಾದಕರೇ, ನನ್ನ ಮಗಳು ನವಿ ಮುಂಬಯಿಯ ಐರೋಲಿಯ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಈಚೆಗೆ ವೀಗನ್ ಆಗಿದ್ದಾಳೆ. ಮೀನು, ಕೋಳಿ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇಲ್ಲ. ಈಗ ಹಾಲು, ಮೊಸರು, ತುಪ್ಪವೂ ಬೇಡವಂತೆ. ಆದರೆ ಬರ್ಗರ್, ನಗೆಟ್ಸ್ ಬೇಕು. ಅವುಗಳ ವೀಗನ್ ಪ್ಯಾಕೆಟ್ಟುಗಳನ್ನು ಆನ್‌ಲೈನಲ್ಲಿ ತರಿಸುತ್ತಾಳೆ, ಬೆಲೆ ನೋಡಿದರೆ ತಲೆ ತಿರುಗುತ್ತದೆ. ಇಂಥ ಫಾಸ್ಟ್‌ಫುಡ್‌ಗೆ ಬದಲಿಯನ್ನು ಮನೆಯಲ್ಲೇ ಮಾಡುವುದು ಹೇಗೆಂದು ನಿಮ್ಮ ಅಡುಗೆ ಪುಟದಲ್ಲಿ ತಿಳಿಸಬಾರದೇ? — ಓದುಗಿ, ಡೊಂಬಿವಲಿ

ಸಂಪಾದಕರ ಉತ್ತರ:

ಅಕ್ಕಾ, ನಿಮ್ಮ ಪತ್ರ ಓದಿ ಖುಷಿಯಾಯಿತು. ಮಕ್ಕಳು ಹೀಗಾದರಲ್ಲ ಎಂದು ಗೋಳಿಡುವ ಪತ್ರಗಳೇ ನಮಗೆ ಜಾಸ್ತಿ ಬರುತ್ತವೆ. ನೀವು ಮಗಳ ಹಟವನ್ನು ಒಪ್ಪಿಕೊಂಡು, ಅವಳಿಗೆ ಏನು ಮಾಡಿ ಹಾಕಲಿ ಎಂದು ಕೇಳಿದ್ದೀರಿ. ಆ ಮನಸ್ಸು ದೊಡ್ಡದು. ಆದರೂ ಸ್ವಲ್ಪ ಸಿಟ್ಟು ಬಂತು ಎಂದು ಹೇಳಿಬಿಡುತ್ತೇನೆ. ಮನೆ ಬಿಟ್ಟು ಸ್ಟೇಷನ್ ತಲುಪುವುದರೊಳಗೆ ವಡೆ, ಭೇಲ್, ಮಿಸಳ್ ಎಲ್ಲ ಸಿಗುವ ಊರಲ್ಲಿ ಇದ್ದುಕೊಂಡು ವೀಗನ್ ಫಾಸ್ಟ್‌ಫುಡ್‌ಗೆ ಬದಲಿ ಕೇಳುತ್ತೀರಲ್ಲ!

ಪ್ಯಾಕೆಟ್ಟಿನವರ ಪರವಾಗಿಯೂ ಒಂದು ಮಾತು ಹೇಳಬೇಕು. ಮಾಂಸ ತಿಂದು ಬೆಳೆದವರು ಅದನ್ನು ಬಿಡಲು ಹೊರಟಾಗ ಅದೇ ರುಚಿ, ಅದೇ ಜಗಿತ ಬೇಕೆನಿಸುತ್ತದೆ. ಅಂಥವರಿಗೆ ಸೋಯಾ ಪ್ಯಾಟಿಯಿಂದ ಉಪಕಾರವಿದೆ. 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ವೀಗನ್ ತಿನಿಸುಗಳಿಗೆಂದೇ ನಿಯಮ ಮಾಡಿ, ಬೇರೆ ಗುರುತನ್ನೂ ಕೊಟ್ಟಿತು. ಒಳ್ಳೆಯದೇ ಆಯಿತು. ಬರೀ ಸಸ್ಯಾಹಾರದ ಹಸಿರು ಚುಕ್ಕೆ ನೋಡಿ ಕೊಂಡರೆ ಒಳಗೆ ಹಾಲಿನ ಪುಡಿ ಇರಬಹುದು.

ಆದರೆ ನಿಮ್ಮ ಮಗಳು ಹುಟ್ಟಿದಾಗಿನಿಂದ ಕೋಳಿ ತಿಂದವಳೇ ಅಲ್ಲ. ಕೋಳಿಯ ಹಾಗಿರುವ ಸೋಯಾ ಅವಳಿಗೇಕೆ? ಸೋಯಾದ ಪ್ರೋಟೀನನ್ನು ಬೇರೆ ಮಾಡಿ, ಯಂತ್ರದಲ್ಲಿ ಕಾಯಿಸಿ ಒತ್ತಿ ನಾರುನಾರಾಗಿ ತೆಗೆದು, ಎಣ್ಣೆ, ಉಪ್ಪು, ಅಂಟು, ಸುವಾಸನೆ ಸೇರಿಸಿ, ಹೆಪ್ಪುಗಟ್ಟಿಸಿ ಮನೆಬಾಗಿಲಿಗೆ ತರುತ್ತಾರೆ. ಇಷ್ಟೆಲ್ಲ ಆಗಿ ಅದು ಹೋಲುವುದು ಅವಳು ಎಂದೂ ತಿನ್ನದ ಒಂದು ಪದಾರ್ಥವನ್ನು. ಅದಕ್ಕೆ ನೂರಾರು ರೂಪಾಯಿ ಕೊಡಬೇಕು.

ನಾಕಾದ, ಅಂದರೆ ರಸ್ತೆ ಕೂಡುವ ಕಡೆಯ, ವಡಾಪಾವ್ ಗಾಡಿಯ ಹತ್ತಿರ ಒಮ್ಮೆ ಸುಮ್ನೆ ನಿಂತು ನೋಡಿ. ಬೇಯಿಸಿ ಹಿಸುಕಿದ ಬಟಾಟೆ, ಹಸಿಮೆಣಸು, ಬೆಳ್ಳುಳ್ಳಿ, ಸಾಸಿವೆ, ಅರಿಶಿನ, ಕೊತ್ತಂಬರಿ. ಅದನ್ನು ಉಂಡೆ ಕಟ್ಟಿ ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾನೆ. ಬೆರಳಿನಿಂದ ಜಾರಿದ ಹಿಟ್ಟಿನ ಹನಿಗಳು ಎಣ್ಣೆಯಲ್ಲಿ ಗರಿಗರಿ ಚೂರಾಗಿ ತೇಲುತ್ತವೆ. ಅದನ್ನೂ ಜಾಲರಿಯಲ್ಲಿ ಬಾಚಿಕೊಳ್ಳುತ್ತಾನೆ. ಪಾವನ್ನು ಪೂರ್ತಿ ಕತ್ತರಿಸದೆ ಪುಸ್ತಕದ ಹಾಗೆ ಬಿಡಿಸಿ, ಒಂದು ಕಡೆ ಹಸಿರು ಚಟ್ನಿ ಸವರಿ, ಇನ್ನೊಂದು ಕಡೆ ಒಣಕೊಬ್ಬರಿ-ಬೆಳ್ಳುಳ್ಳಿಯ ಕೆಂಪು ಪುಡಿ ಉದುರಿಸಿ, ವಡೆ ಇಟ್ಟು ಅಂಗೈಯಲ್ಲಿ ಒತ್ತುತ್ತಾನೆ. ಇದರಲ್ಲಿ ಹಾಲು ಎಲ್ಲಿದೆ, ತುಪ್ಪ ಎಲ್ಲಿದೆ? ಕೆಲವು ಬೇಕರಿಗಳಲ್ಲಿ ಪಾವ್‌ಗೆ ಬೆಣ್ಣೆ ಹಚ್ಚುತ್ತಾರೆ. ಕೇಳಿ ತೆಗೆದುಕೊಂಡರೆ ಮುಗಿಯಿತು.

ಮುಂಬಯಿಯ ದಾದರ್ ಸ್ಟೇಷನ್ ಹೊರಗೆ 1966ರಲ್ಲಿ ಅಶೋಕ್ ವೈದ್ಯ ಎಂಬವರು ಇದನ್ನು ಶುರು ಮಾಡಿದರು ಎನ್ನುತ್ತಾರೆ. ಪಾಳಿ ಮುಗಿಸಿ ಲೋಕಲ್ ರೈಲು ಹಿಡಿಯುವ ಬಟ್ಟೆ ಗಿರಣಿ ಕಾರ್ಮಿಕನಿಗೆ ಕೂತು ತಿನ್ನಲು ಪುರುಸೊತ್ತಿಲ್ಲ, ಜೇಬಿನಲ್ಲಿ ಕಾಸಿಲ್ಲ. ಅವನಿಗಾಗಿ ಬೆಳೆದ ತಿಂಡಿ ಇದು. 1982ರಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರದಲ್ಲಿ ಎರಡೂವರೆ ಲಕ್ಷದಷ್ಟು ಕಾರ್ಮಿಕರು ಗಿರಣಿಯಿಂದ ಹೊರಬಂದರು. ಬಹುಮಂದಿಗೆ ಆ ಕೆಲಸ ಮತ್ತೆ ಸಿಗಲೇ ಇಲ್ಲ. ಅವರಲ್ಲಿ ಎಷ್ಟೋ ಜನ ಇದೇ ಗಾಡಿ ಇಟ್ಟು ಮನೆ ನಡೆಸಿದರು. ಅಮೆರಿಕದ ಬರ್ಗರ್ ಕಂಪನಿ ಮೆಕ್‌ಡೊನಾಲ್ಡ್ಸ್ ಭಾರತಕ್ಕೆ ಬಂದದ್ದು 1996ರಲ್ಲಿ. ದನ, ಹಂದಿಯ ಮಾಂಸವನ್ನು ಅದು ಇಲ್ಲಿ ಇಡಲಿಲ್ಲ. ಇಲ್ಲಿ ಅದಕ್ಕೆ ಹೆಸರು ತಂದದ್ದು ಆಲೂ ಟಿಕ್ಕಿ. ಆ ಕಂಪನಿ ಬರುವ 30 ವರ್ಷ ಮೊದಲೇ ದಾದರ್‌ನಲ್ಲಿ ಬಟಾಟೆ ಪಾವಿನೊಳಗೆ ಸೇರಿತ್ತು ಅಕ್ಕಾ. ಅಂದ ಮೇಲೆ ಯಾವುದಕ್ಕೆ ಯಾವುದು ಬದಲಿ?

ಭೇಲ್ ತೆಗೆದುಕೊಳ್ಳಿ: ಮಂಡಕ್ಕಿ, ಸೇವ್, ಈರುಳ್ಳಿ, ಹುಣಸೆ-ಖರ್ಜೂರದ ಚಟ್ನಿ. ಮಿಸಳ್‌ನಲ್ಲಿ ಮೊಳಕೆಕಾಳು, ಮೇಲೆ ಕಟ್ ಎನ್ನುವ ಖಾರದ ತಿಳಿಸಾರು. ಸ್ಯಾಂಡ್‌ವಿಚ್‌ನವನಿಗೆ ಬೆಣ್ಣೆ ಬೇಡ, ಚಟ್ನಿ ಜಾಸ್ತಿ ಹಾಕು ಎಂದರೆ ಬೀಟ್‌ರೂಟು, ಸೌತೆಕಾಯಿ, ಬಟಾಟೆ ಇಟ್ಟು ಹಾಗೆಯೇ ಕೊಡುತ್ತಾನೆ. ಪಾವ್‌ಭಾಜಿಗೆ ಮಾತ್ರ ಬೆಣ್ಣೆ ಬಿಟ್ಟು ಎಣ್ಣೆಯಲ್ಲಿ ಮಾಡಿಕೊಡು ಎಂದು ಗಟ್ಟಿಯಾಗಿ ಹೇಳಬೇಕು. ಇನ್ನು ನಮ್ಮ ಕಡೆಯದು: ಹುಬ್ಬಳ್ಳಿ-ಧಾರವಾಡದ ಮಂಡಕ್ಕಿಯ ಗಿರಮಿಟ್ ಮತ್ತು ಮಿರ್ಚಿ, ಅಕ್ಕಿಯೊಂದನ್ನೇ ರುಬ್ಬಿದ ನೀರುದೋಸೆ, ಕೆಸುವಿನೆಲೆಯ ಪತ್ರೊಡೆ. ಗೋಳಿಬಜೆ, ಬನ್ಸ್‌ಗೆ ಮೊಸರು ಬೀಳುತ್ತದೆ, ಅವನ್ನು ಬಿಡಿ. ಬರ್ಗರ್ ಪ್ಯಾಟಿಯೇ ಬೇಕೆಂದು ಮಗಳು ಕೂತರೆ ಗುಜ್ಜೆ ತನ್ನಿ. ಎಳೆ ಹಲಸನ್ನು ಬೇಯಿಸಿ, ನೀರು ಹಿಂಡಿ, ಕೈಯಲ್ಲೇ ಬಿಡಿಸಿದರೆ ನಾರುನಾರಾಗಿ ಬರುತ್ತದೆ. ಬಟಾಟೆ, ಗರಂ ಮಸಾಲೆ, ಸ್ವಲ್ಪ ಅಕ್ಕಿಹಿಟ್ಟು ಸೇರಿಸಿ ತಟ್ಟಿ, ಸಣ್ಣ ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಕಾಯಿಸಿ. ಕಂಪನಿಗಳು ಯಂತ್ರ ಇಟ್ಟು ತೆಗೆಯುವ ನಾರು ಇದರಲ್ಲಿ ತಾನಾಗಿಯೇ ಇದೆ.

ಒಂದು ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಮಾಂಸ, ಮೊಟ್ಟೆಯ ಜೊತೆಗೆ ಹಾಲು, ಮೊಸರನ್ನೂ ಪೂರ್ತಿ ಬಿಟ್ಟವರಿಗೆ ಬಿ12 ಜೀವಸತ್ವ ಮನೆಯ ಊಟದಿಂದ ಸಾಕಷ್ಟು ಸಿಗುವುದಿಲ್ಲ. ಡಾಕ್ಟರನ್ನು ಕೇಳಿ ಮಾತ್ರೆ ಶುರು ಮಾಡಿಸಿ.

ಈಗ ನನ್ನ ನಿಜವಾದ ಸಂಕಟ ಹೇಳುತ್ತೇನೆ. ಈ ಮುಂಬಯಿ ಮಹಾನಗರಕ್ಕೆ ಸಸ್ಯಾಹಾರದ ಫಾಸ್ಟ್‌ಫುಡ್ ರೂಢಿ ಮಾಡಿಸಿದವರಲ್ಲಿ ನಮ್ಮ ಕನ್ನಡಿಗರು ಮುಂದಿದ್ದರು. ಮಾಟುಂಗಾ ಸ್ಟೇಷನ್ ಪಕ್ಕದಲ್ಲಿ ಎ. ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಈಗಲೂ ಬಾಳೆಎಲೆಯ ಊಟ ಸಿಗುತ್ತದೆ. ಕೂತ ಐದೇ ನಿಮಿಷದಲ್ಲಿ ಇಡ್ಲಿ-ಸಾಂಬಾರ್ ಮುಂದೆ ಬರುವುದನ್ನು ಮುಂಬಯಿಗೆ ಕಲಿಸಿದ್ದು ಉಡುಪಿ ಹೋಟೆಲು. ಆ ಹೋಟೆಲುಗಳಲ್ಲಿ ಹಗಲೆಲ್ಲ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದ ಹುಡುಗರು ಮುಂದೆ ವಕೀಲರಾದರು, ಬ್ಯಾಂಕ್ ಅಧಿಕಾರಿಗಳಾದರು. ಅಂಥ ಹೋಟೆಲುಗಳ ಮೆನು ಕಾರ್ಡಿನಲ್ಲಿ ಇಂದು ಇಡ್ಲಿ ಒಂದು ಮೂಲೆಯಲ್ಲಿದೆ. ಉಳಿದದ್ದೆಲ್ಲ ಪನೀರ್ ಚಿಲ್ಲಿ, ಚೀಸ್ ದೋಸೆ, ಶೆಜ್ವಾನ್ ದೋಸೆ. ಎಣ್ಣೆಯಲ್ಲಿ ಚೆನ್ನಾಗಿಯೇ ಏಳುವ ದೋಸೆಯ ಮೇಲೆ ಚೀಸ್ ಸುರಿಯುತ್ತಾರೆ. ಆಮೇಲೆ ವೀಗನ್ ಮಕ್ಕಳು ತಿನ್ನುವುದೇನು?

ನಮ್ಮ ಕನ್ನಡ ಸಂಘಗಳಾದರೂ ಏನು ಮಾಡುತ್ತಿವೆ? ವಾರ್ಷಿಕೋತ್ಸವದ ವೇದಿಕೆಯಲ್ಲಿ ನೆಲ, ನುಡಿ, ಸಂಸ್ಕೃತಿ ಎಂದು ಗಂಟೆಗಟ್ಟಲೆ ಭಾಷಣ. ಕೆಳಗಿಳಿದು ಊಟಕ್ಕೆ ಹೋದರೆ ಹಕ್ಕಾ ನೂಡಲ್ಸ್, ಪನೀರ್ ಬಟರ್ ಮಸಾಲಾ. ಮಕ್ಕಳು ಬೇರೆ ಏನೂ ತಿನ್ನುವುದಿಲ್ಲ ಎಂದು ಪದಾಧಿಕಾರಿಗಳು ಹೇಳುತ್ತಾರೆ. ಎಲೆಯ ಮೇಲೆ ಬಡಿಸಿದ್ದರೆ ತಾನೇ ಮಕ್ಕಳು ತಿನ್ನುವುದು! ಈ ಮಾತನ್ನು ನಾನು ಸಭೆಗಳಲ್ಲೂ ಹೇಳಿದ್ದೇನೆ, ಇಲ್ಲಿ ಅಚ್ಚು ಹಾಕಿಸಿಯೂ ಹೇಳುತ್ತಿದ್ದೇನೆ. ಈ ವರ್ಷ ಯಾವುದಾದರೂ ಸಂಘ ತನ್ನ ಕಾರ್ಯಕ್ರಮದಲ್ಲಿ ಬಿಸಿಬಿಸಿ ನೀರುದೋಸೆ, ಗಿರಮಿಟ್ ಬಡಿಸಿದರೆ ಆ ಸುದ್ದಿಯನ್ನು ಫೋಟೋ ಸಮೇತ ಮೊದಲ ಪುಟದಲ್ಲಿ ಹಾಕುತ್ತೇವೆ.

ಅಡುಗೆ ಪುಟದ ವಿಷಯ. ಮುಂದಿನ ಸಂಚಿಕೆಯಿಂದ ಅರ್ಧ ಪುಟವನ್ನು ಹಾಲು, ತುಪ್ಪವಿಲ್ಲದ ತಿಂಡಿಗಳಿಗೆ ಮೀಸಲಿಡುತ್ತೇವೆ. ನಕಲಿ ಚೀಸು, ನಕಲಿ ಕೋಳಿ ಅದರಲ್ಲಿ ಇರುವುದಿಲ್ಲ. ನಿಮ್ಮ ಮನೆಯ ಪತ್ರೊಡೆಯೋ ಗಿರಮಿಟ್ಟೋ, ಅಳತೆ ಸಮೇತ ಬರೆದು ಕಳಿಸಿ. ಮಗಳಿಗೂ ಹೇಳಿ: ಐರೋಲಿಯ ಆಫೀಸಿನ ಸುತ್ತಮುತ್ತ ಯಾವ ಗಾಡಿಯಲ್ಲಿ ಬೆಣ್ಣೆ ಇಲ್ಲದೆ ಏನೇನು ಸಿಗುತ್ತದೆ, ಎಷ್ಟು ರೂಪಾಯಿಗೆ ಎಂದು ಪಟ್ಟಿ ಮಾಡಿ ಕಳಿಸಲಿ. ಅವಳ ಕನ್ನಡ ಹೇಗಿದ್ದರೂ ಪರವಾಗಿಲ್ಲ, ನಾವು ತಿದ್ದಿಕೊಳ್ಳುತ್ತೇವೆ.